ಮಣಿಯ ತೂತಿನೊಳಗೆ ಏನಿದೆ?



ಹೋದ ವರ್ಷ ಹಿಂಗಾರು ಮಳೆ ನಿಂತ ಮೇಲೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೆಂಕಿಪೊಟ್ಟಣದಲ್ಲಿ ಒಂದು ಕೆಂಪು ಮಣಿ ತಂದಳು. ನೊಯ್ಯಲ್ ಹೊಳೆ ಪಕ್ಕದ ಹೊಲದಲ್ಲಿ ಕಳೆ ಕೀಳುವಾಗ ಅವಳ ಅಜ್ಜಿಗೆ ಸಿಕ್ಕಿದ್ದಂತೆ. "ಟೀಚರ್, ಇದು ಪ್ಲಾಸ್ಟಿಕ್ಕಾ, ಕಲ್ಲಾ?" ಅಂತ ಕೇಳಿದಳು. ಮಣಿಯ ತುಂಬ ಮಣ್ಣು ಮೆತ್ತಿಕೊಂಡಿತ್ತು. ನಾನು ಏನು ಮಾಡಿದೆ ಗೊತ್ತಾ? ನಲ್ಲಿ ಹತ್ತಿರ ಹೋಗಿ, ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿದೆ. ತೂತಿನಲ್ಲಿ ಸಿಕ್ಕಿಕೊಂಡಿದ್ದ ಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದೆ. ಮಣಿ ಥಳಥಳ ಹೊಳೆಯಿತು. ತರಗತಿಯವರೆಲ್ಲ ಚಪ್ಪಾಳೆ ಹೊಡೆದರು.

ಆಮೇಲೆ, ಪುರಾತತ್ತ್ವ ವಿಜ್ಞಾನಿಗಳು ಇಂಥ ಮಣಿಗಳನ್ನು ಹೇಗೆ ಓದುತ್ತಾರೆ ಅಂತ ತಿಳಿದುಕೊಳ್ಳಲು ಕೂತಾಗ ನನಗೆ ನಾಚಿಕೆಯಾಯಿತು. ನಾನು ಹೊಳಪು ತರಿಸಿದ್ದು ಮಣಿಯ ಮುಖಕ್ಕೆ. ನೀರಿನಲ್ಲಿ ತೊಳೆದು ಕಳೆದದ್ದು ಅದರ ಸಾಕ್ಷಿಯನ್ನು. ಆ ಸಾಕ್ಷಿ ಎಂಥದ್ದು, ಅದನ್ನು ಹೇಗೆ ಓದುತ್ತಾರೆ ಅನ್ನುವುದೇ ಈ ಪಾಠ.

ನಾವು ಒಂದು ಹಳೆಯ ಒಡವೆಯನ್ನೋ ಚಿತ್ರವನ್ನೋ ನೋಡಿದಾಗ "ಎಷ್ಟು ಚೆನ್ನಾಗಿದೆ!" ಅಂತೀವಿ. ಪುರಾತತ್ತ್ವ ವಿಜ್ಞಾನಿ ಇನ್ನೂ ಒಂದು ಪ್ರಶ್ನೆ ಕೇಳುತ್ತಾರೆ: "ಇದನ್ನು ಹೇಗೆ ಮಾಡಿದರು?" ಮಾಡಿದವರು ಬರೆದಿಟ್ಟು ಹೋಗಿಲ್ಲ. ಆದರೆ ಅವರ ಕೈ ಹೇಗೆ ಕೆಲಸ ಮಾಡಿತು ಎಂಬುದು ಆ ವಸ್ತುವಿನ ಮೇಲೆ, ಅದು ಬಿದ್ದಿದ್ದ ಜಾಗದಲ್ಲಿ ಉಳಿದಿರುತ್ತದೆ.

ನೊಯ್ಯಲ್ ದಡದ ಮಣಿಗಾರರು

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರಲು ಪೂರ್ವಕ್ಕೆ ಹರಿಯುತ್ತದೆ ಅಲ್ವಾ? ತಿರುಪ್ಪೂರಿನಿಂದ ಪೂರ್ವಕ್ಕೆ, ಈಗಿನ ಈರೋಡ್ ಜಿಲ್ಲೆಯೊಳಗೆ, ಅದೇ ಹೊಳೆಯ ಉತ್ತರ ದಡದಲ್ಲಿ ಕೊಡುಮಣಲ್ ಎಂಬ ಊರಿದೆ. ಪತಿಟ್ರುಪ್ಪತ್ತು ಎಂಬ ಸಂಗಂ ಕಾಲದ ತಮಿಳು ಸಂಕಲನದಲ್ಲಿ ಕೊಡುಮಣಂ ಎಂಬ ಊರಿನ ಒಡವೆಗಳ ಮಾತು ಬರುತ್ತದೆ. ಆ ಊರು ಇದೇ ಎಂದು ವಿದ್ವಾಂಸರು ಹೇಳುತ್ತಾರೆ.

1985ರಿಂದ ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ತಂಡ ಇಲ್ಲಿ ಹಲವು ಸಲ ಉತ್ಖನನ ಮಾಡಿತು. ಆ ಕೆಲಸದಲ್ಲಿ ಇದ್ದ ಕೆ. ರಾಜನ್ ಮುಂದೆ ಪುದುಚ್ಚೇರಿ ವಿಶ್ವವಿದ್ಯಾಲಯದಿಂದಲೂ ಇಲ್ಲಿ ಅಗೆತ ನಡೆಸಿದರು. ಆಮೇಲೆ ತಮಿಳುನಾಡು ರಾಜ್ಯ ಪುರಾತತ್ತ್ವ ಇಲಾಖೆಯೂ ಅಗೆಯಿತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಜನ ಕಬ್ಬಿಣ ಕರಗಿಸುತ್ತಿದ್ದರು, ಶಂಖ ಕೊಯ್ದು ಬಳೆ ಮಾಡುತ್ತಿದ್ದರು, ನೂಲು ತೆಗೆಯುತ್ತಿದ್ದರು. ನೂಲುವ ಕದಿರಿಗೆ ಹಾಕುವ ಮಣ್ಣಿನ ಬಿಲ್ಲೆಗಳೂ ಸಿಕ್ಕಿವೆ. ಮನೆಯಲ್ಲಿ ಮಗ್ಗ ಇರುವವರು ಇದನ್ನು ಗಮನಿಸಿ! ಎಲ್ಲಕ್ಕಿಂತ ಹೆಸರಾದದ್ದು ಕಲ್ಲಿನ ಮಣಿಗಳು. ಒಂದೇ ಒಂದು ಸಮಾಧಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೆಂಪು ಕಾರ್ನೀಲಿಯನ್ ಮಣಿಗಳು ಸಿಕ್ಕಿದವು.

ಸರಿ, ಮಣಿ ಸಿಕ್ಕಿತು. ಆದರೆ ಅದನ್ನು ಇಲ್ಲೇ ಮಾಡಿದರೋ, ಬೇರೆ ಕಡೆಯಿಂದ ಕೊಂಡು ತಂದರೋ? ಹೇಗೆ ಗೊತ್ತಾಗಬೇಕು?

ಸಾಕ್ಷಿ 1: ಕಸ

ಉತ್ತರ ಸಿಗುವುದು ಕಸದಲ್ಲಿ. ದರ್ಜಿಯ ಅಂಗಡಿಗೆ ಹೋಗಿ. ಹೊಲಿದ ಅಂಗಿ ಗಿರಾಕಿಯ ಜೊತೆ ಹೊರಟು ಹೋಗಿರುತ್ತದೆ. ಆದರೆ ನೆಲದ ಮೇಲೆ ಬಟ್ಟೆ ಚೂರು, ದಾರದ ತುಂಡು ಬಿದ್ದಿರುತ್ತವೆ. ಅಂಗಿ ನೋಡದೆಯೇ ಅಲ್ಲಿ ಏನು ಕೆಲಸ ನಡೆಯಿತು ಅಂತ ಹೇಳಬಹುದು.

ಕೊಡುಮಣಲ್‌ನಲ್ಲೂ ಹಾಗೇ ಆಯಿತು. ಬರೀ ಮಣಿ ಸಿಕ್ಕಿದ್ದರೆ ಕೊಂಡು ತಂದದ್ದು ಅನ್ನಬಹುದಿತ್ತು. ಆದರೆ ಅಲ್ಲಿ ಒಡೆಯದ ಕಚ್ಚಾ ಕಲ್ಲು, ಕಲ್ಲು ಒಡೆದಾಗ ಎದ್ದ ಚಕ್ಕೆಗಳು, ಅರ್ಧ ಆಕಾರ ಬಂದ ಮಣಿ, ಉಜ್ಜಿದ್ದರೂ ತೂತು ಹಾಕದ ಮಣಿ, ಕೆಲಸ ಮುಗಿದ ಮಣಿ, ಎಲ್ಲವೂ ಸಿಕ್ಕವು. ಇವನ್ನು ಸಾಲಾಗಿ ಜೋಡಿಸಿದರೆ ಕೆಲಸದ ಹಂತಗಳು ತಾವಾಗಿಯೇ ಕಾಣುತ್ತವೆ: ಒಡೆಯುವುದು, ಚಕ್ಕೆ ತೆಗೆದು ಆಕಾರ ಕೊಡುವುದು, ಉಜ್ಜುವುದು, ತೂತು ಹಾಕುವುದು, ಮೆರುಗು ಕೊಡುವುದು. ಪೂರ್ತಿಯಾದ ಮಣಿಯಲ್ಲಿ ಮೊದಲಿನ ಹಂತಗಳು ಅಳಿಸಿ ಹೋಗಿರುತ್ತವೆ. ಕೆಟ್ಟುಹೋಗಿ ಬಿಸಾಕಿದ ಮಣಿಯಲ್ಲಿ ಉಳಿದಿರುತ್ತವೆ. ಅದಕ್ಕೇ ವಿಜ್ಞಾನಿಗೆ ಚಂದದ ಮಣಿಗಿಂತ ಅರ್ಧಕ್ಕೆ ಒಡೆದ ಮಣಿ ಹೆಚ್ಚು ಮಾತಾಡುತ್ತದೆ.

ಕಲ್ಲು ಎಲ್ಲಿಂದ ಬಂತು? ಕೆಲವು ಪಕ್ಕದಿಂದಲೇ. ನಮ್ಮ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಕಡೆಯ ಪಡಿಯೂರಿನಲ್ಲಿ ಬೆರಿಲ್ ಎಂಬ ತಿಳಿ ಹಸಿರು ನೀಲಿ ರತ್ನ ಸಿಗುತ್ತಿತ್ತು. 19ನೇ ಶತಮಾನದ ಮೊದಲಲ್ಲಿ ಆಂಗ್ಲರೂ ಅಲ್ಲಿ ಗಣಿ ತೋಡಿದ್ದರು. ಶಿವನ್‌ಮಲೆ ಸುತ್ತಮುತ್ತ ನೀಲಮಣಿ ಸಿಗುತ್ತಿತ್ತು. ಬಿಳಿ ಸ್ಫಟಿಕ ಅಂತೂ ನಮ್ಮ ಹೊಲಗಳಲ್ಲೇ ಬಿದ್ದಿರುತ್ತದೆ. ಆದರೆ ಕಾರ್ನೀಲಿಯನ್ ನಮ್ಮ ಕಡೆಯದಲ್ಲ. ಅದಕ್ಕೆ ಗುಜರಾತ್ ಹೆಸರುವಾಸಿ. ಕೊಡುಮಣಲ್‌ನಲ್ಲಿ ಸಿಕ್ಕ ಲಾಪಿಸ್ ಲಜುಲಿ ಎಂಬ ಕಡುನೀಲಿ ಕಲ್ಲಿನ ತವರು ಅಫ್ಘಾನಿಸ್ತಾನ.

ಇಲ್ಲಿಂದ ಹೊರಗೂ ಹೋಗುತ್ತಿತ್ತು. ಒಳ್ಳೆಯ ಬೆರಿಲ್ ಭಾರತದಿಂದ ಬರುತ್ತದೆ, ಬೇರೆ ಕಡೆ ಅಪರೂಪ ಎಂದು ಸುಮಾರು 1950 ವರ್ಷಗಳ ಹಿಂದೆ ರೋಮಿನ ಪ್ಲಿನಿ ಬರೆದಿದ್ದಾನೆ. ಕೊಯಮತ್ತೂರಿನ ಪಕ್ಕದ ವೆಳ್ಳಲೂರಿನಲ್ಲಿ ರೋಮನ್ ನಾಣ್ಯಗಳ ರಾಶಿ ಸಿಕ್ಕಿದ್ದನ್ನು ಇದರ ಜೊತೆ ಇಟ್ಟು ನೋಡಿ.

ಸಾಕ್ಷಿ 2: ತೂತು

ಈಗ ವಿಜ್ಞಾನದ ಪ್ರಶ್ನೆ. ಕಲ್ಲಿನ ಮಣಿಗೆ ತೂತು ಹಾಕಿದ್ದು ಹೇಗೆ?

ಗಟ್ಟಿಯಾದದ್ದು ಮೆತ್ತಗಿರುವುದನ್ನು ಗೀರುತ್ತದೆ, ಮೆತ್ತಗಿರುವುದು ಗಟ್ಟಿಯಾದದ್ದನ್ನು ಗೀರಲಾರದು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನ 1ರಿಂದ 10ರವರೆಗೆ ಇದೆ. ನಮ್ಮ ಉಗುರು ಸುಮಾರು 2.5. ಮೆದು ಕಬ್ಬಿಣ ಸುಮಾರು 4. ಕಿಟಕಿ ಗಾಜು ಸುಮಾರು 5.5. ಉಕ್ಕಿನ ಸೂಜಿ, ಚಾಕು ಹೆಚ್ಚೂಕಡಿಮೆ 6. ಸ್ಫಟಿಕ 7, ಕಾರ್ನೀಲಿಯನ್ 7ರ ಹತ್ತಿರ, ಬೆರಿಲ್ 7.5ರಿಂದ 8, ನೀಲಮಣಿ 9, ವಜ್ರ 10.

ಈ ಪಟ್ಟಿ ನೋಡಿದರೆ ಒಂದು ತೊಡಕು ಕಾಣುತ್ತದೆ. ಬರೀ ಕಬ್ಬಿಣದ ಬೈರಿಗೆಯನ್ನು ದಿನವಿಡೀ ತಿರುಗಿಸಿದರೂ ಸ್ಫಟಿಕದಲ್ಲಿ ತೂತು ಬೀಳುವುದಿಲ್ಲ. ಸವೆಯುವುದು ಬೈರಿಗೆಯೇ. ಹಾಗಾದರೆ ಎರಡು ದಾರಿ ಇವೆ. ಒಂದು, ಬೈರಿಗೆಯ ತುದಿಗೆ ಗಟ್ಟಿ ಖನಿಜದ ಪುಡಿ ಮತ್ತು ನೀರು ಹಾಕುತ್ತಾ ತಿರುಗಿಸುವುದು. ಇಲ್ಲಿ ಕೊರೆಯುವುದು ಪುಡಿ, ಬೈರಿಗೆ ಅದನ್ನು ತಿರುಗಿಸುವ ಕೋಲು ಅಷ್ಟೆ. ಕೊರಂಡಮ್ ಇಂಥ ಪುಡಿಗೆ ಒಳ್ಳೆಯ ಖನಿಜ. ನೀಲಮಣಿಯೂ ಕೊರಂಡಮ್ಮಿನ ಒಂದು ರೂಪವೇ. ಈ ಹೆಸರು ತಮಿಳಿನ ಕುರುಂದಂ ಎಂಬ ಮಾತಿನಿಂದ ಹುಟ್ಟಿ ಲೋಕಕ್ಕೆಲ್ಲ ಹೋದದ್ದು. ಇನ್ನೊಂದು ದಾರಿ, ಬೈರಿಗೆಯ ತುದಿಯಲ್ಲಿ ವಜ್ರದ ಸಣ್ಣ ಚೂರುಗಳನ್ನೇ ಕೂರಿಸುವುದು.

ಯಾವ ದಾರಿ ಹಿಡಿದರು ಅನ್ನುವುದು ತೂತಿನ ಗೋಡೆಯಲ್ಲಿ ಬರೆದಿರುತ್ತದೆ. ಪುಡಿ ಹಾಕಿ ಕೊರೆದ ತೂತು ಬಾಯಲ್ಲಿ ಅಗಲ, ಒಳಗೆ ಹೋಗುತ್ತಾ ಕಿರಿದು. ವಜ್ರದ ತುದಿಯಿಂದ ಕೊರೆದ ತೂತು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಅಗಲ. ಅದರ ಗೋಡೆಯಲ್ಲಿ ಗ್ರಾಮಫೋನ್ ತಟ್ಟೆಯ ಗೆರೆಗಳ ಹಾಗೆ ಒಂದೇ ಸಮನಾದ ಸುತ್ತುಗೆರೆಗಳು ಇರುತ್ತವೆ.

ಆದರೆ ಒಂದೆರಡು ಮಿಲಿಮೀಟರ್ ಅಗಲದ ತೂತಿನ ಒಳಗೋಡೆಯನ್ನು ನೋಡುವುದು ಹೇಗೆ? ದಾರಿ ತೋರಿಸಿದವರಲ್ಲಿ ಲಿಯೊನಾರ್ಡ್ ಗೊರೆಲಿಕ್ ಮತ್ತು ಜಾನ್ ಗ್ವಿನೆಟ್ ಮುಖ್ಯರು. ಇಬ್ಬರೂ ಅಮೆರಿಕದಲ್ಲಿದ್ದ ದಂತವೈದ್ಯ ಕ್ಷೇತ್ರದವರು! ಹಲ್ಲಿನ ಅಚ್ಚು ತೆಗೆಯಲು ಡಾಕ್ಟರು ಬಾಯೊಳಗೆ ಒಂದು ಮೆತ್ತನೆಯ ಪದಾರ್ಥ ಒತ್ತುತ್ತಾರಲ್ಲ, ಅಂಥ ಸಿಲಿಕೋನನ್ನು ಮಣಿಯ ತೂತಿಗೆ ತುಂಬುತ್ತಾರೆ. ಅದು ರಬ್ಬರಿನಂತೆ ಗಟ್ಟಿಯಾದ ಮೇಲೆ ಮೆಲ್ಲಗೆ ಎಳೆದರೆ ತೂತಿನ ಒಳಗೋಡೆ ಹೊರಮುಖವಾಗಿ ಕೈಗೆ ಬರುತ್ತದೆ. ಅದನ್ನು ಸ್ಕ್ಯಾನಿಂಗ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡುತ್ತಾರೆ. ಹೀಗೆ ನೋಡಿಯೇ ಪುದುಚ್ಚೇರಿ ಹತ್ತಿರದ ಅರಿಕಮೇಡು ಮತ್ತು ಶ್ರೀಲಂಕಾದ ಮಾಂತೈ ಎಂಬ ಪುರಾತನ ಬಂದರಿನ ಮಣಿಗಳಲ್ಲಿ ವಜ್ರದ ಬೈರಿಗೆಯ ಗುರುತುಗಳನ್ನು ಅವರು ತೋರಿಸಿದರು.

ಈ ಗುರುತು ವಜ್ರದ್ದೇ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಈಗಲೂ ಹಾಗೆ ಕೊರೆಯುವವರನ್ನು ನೋಡಿ. ಗುಜರಾತಿನ ಖಂಭಾತ್‌ನಲ್ಲಿ ಕೈಯಿಂದ ಬಿಲ್ಲು ಎಳೆದು ಬೈರಿಗೆ ತಿರುಗಿಸುವ ಮಣಿಗಾರರು ಇದ್ದಾರೆ. ಬೈರಿಗೆಯ ತುದಿಯಲ್ಲಿ ಎರಡು ಪುಟ್ಟ ವಜ್ರದ ಚೂರು. ಮಾರ್ಕ್ ಕೆನೊಯರ್, ಬರೋಡಾದ ಕುಲದೀಪ್ ಭಾನ್ ಮೊದಲಾದವರು ಅವರ ಜೊತೆ ಕೂತು ಪ್ರತಿ ಹಂತವನ್ನೂ ಬರೆದುಕೊಂಡರು. ಗೊತ್ತಿರುವ ಕೈಯ ಗುರುತನ್ನು ಗೊತ್ತಿಲ್ಲದ ಕೈಯ ಗುರುತಿನ ಪಕ್ಕ ಇಟ್ಟು ನೋಡುವುದು ಈ ವಿಜ್ಞಾನದ ಮುಖ್ಯ ವಿಧಾನ. ಪೊಲೀಸರು ಬೆರಳಚ್ಚು ಹೋಲಿಸುವ ಹಾಗೆ.

ಇನ್ನೊಂದು ಸಣ್ಣ ವಿಷಯ. ಮಣಿಗೆ ಒಂದೇ ಕಡೆಯಿಂದ ತೂತು ಹಾಕಿದರೆ ಬೈರಿಗೆ ಹೊರಬರುವ ಕಡೆ ಕಲ್ಲು ಚಕ್ಕೆ ಎದ್ದು ಹಾಳಾಗುತ್ತದೆ. ಅದಕ್ಕೇ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಿದ್ದರು. ಎರಡು ತೂತೂ ಸರಿಯಾಗಿ ಎದುರುಬದುರು ಬರದಿದ್ದರೆ ನಡುವೆ ಒಂದು ಮೆಟ್ಟಿಲು ಉಳಿಯುತ್ತದೆ. ಆ ಮೆಟ್ಟಿಲನ್ನು ನೋಡಿದಾಗ ಎರಡು ಸಾವಿರ ವರ್ಷದ ಹಿಂದೆ ಯಾರದೋ ಕೈ ಒಂದು ಕೂದಲೆಳೆ ತಪ್ಪಿದ್ದು ನಮಗೆ ಗೊತ್ತಾಗುತ್ತದೆ.

ಸಾಕ್ಷಿ 3: ಬಣ್ಣ

ಕಾರ್ನೀಲಿಯನ್ನಿನ ಕೆಂಪು ಪೂರ್ತಿ ಹುಟ್ಟುಬಣ್ಣವಲ್ಲ. ನೆಲದಿಂದ ತೆಗೆದಾಗ ಬಹಳಷ್ಟು ಕಲ್ಲು ಹಳದಿ, ಕಂದು. ಅದರೊಳಗೆ ನೀರಿನಂಶ ಸೇರಿದ ಕಬ್ಬಿಣದ ಆಕ್ಸೈಡ್ ಇರುತ್ತದೆ. ಬೂದಿಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ನೀರು ಹೋಗಿ ಹೆಮಟೈಟ್ ಆಗುತ್ತದೆ, ಕಲ್ಲು ಕೆಂಪಾಗುತ್ತದೆ. ಹಳದಿ ಜೇಡಿಮಣ್ಣು ಸುಟ್ಟಾಗ ಕೆಂಪು ಹೆಂಚು ಆಗುವುದೂ ಇದೇ ರಸಾಯನ ಕ್ರಿಯೆ. ಬೇಗ ಕಾಯಿಸಿದರೆ ಕಲ್ಲು ಸೀಳುತ್ತದೆ. ಹಾಗೆ ಸೀಳಿದ ಚೂರು ಕಸದಲ್ಲಿ ಸಿಕ್ಕರೆ, ಇಲ್ಲಿ ಬೆಂಕಿಯ ಕೆಲಸ ನಡೆದಿತ್ತು ಅಂತ ಅರ್ಥ.

ಕೆಲವು ಕೆಂಪು ಮಣಿಗಳ ಮೇಲೆ ಬಿಳಿ ಗೆರೆಯ ಚಿತ್ತಾರ ಇರುತ್ತದೆ. ಬಣ್ಣ ಬಳಿದದ್ದಾಗಿದ್ದರೆ ಎಷ್ಟೋ ಕಾಲದ ಹಿಂದೆಯೇ ಅಳಿಸಿ ಹೋಗಬೇಕಿತ್ತು. ಮುರಿದ ಮಣಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಿಳುಪು ಕಲ್ಲಿನೊಳಕ್ಕೂ ಇಳಿದಿರುವುದು ಕಾಣುತ್ತದೆ. ಇದರ ಗುಟ್ಟು ಗೊತ್ತಾದದ್ದು ಹೇಗೆ ಕೇಳಿ. ಮೊಹೆಂಜೊದಾರೊದಲ್ಲಿ ಅಗೆತ ನಡೆಸಿದ ಅರ್ನೆಸ್ಟ್ ಮೆಕೆ ಸಿಂಧ್ ಪ್ರಾಂತದ ಸೆಹ್ವಾನ್ ಎಂಬ ಊರಿನ ಒಬ್ಬ ವಯಸ್ಸಾದ ಕುಶಲಕರ್ಮಿಯಿಂದ ಆ ವಿದ್ಯೆಯನ್ನು ತಿಳಿದುಕೊಂಡು 1933ರಲ್ಲಿ ಪ್ರಕಟಿಸಿದರು. ಬಟ್ಟೆ ಒಗೆಯುವ ಸೋಡಾವನ್ನು ಒಂದು ಪೊದೆಯ ಚಿಗುರಿನ ರಸದಲ್ಲಿ ಕಲಸಿ ಮಣಿಯ ಮೇಲೆ ಗೆರೆ ಎಳೆಯುವುದು, ಒಣಗಿಸಿ ಕೆಂಡದಲ್ಲಿ ಕಾಯಿಸುವುದು. ಕ್ಷಾರ ಕಲ್ಲಿನೊಳಕ್ಕೆ ಇಳಿದು ಬಿಳಿ ಗೆರೆ ಉಳಿಯುತ್ತದೆ. ಆ ಹಿರಿಯರನ್ನು ಯಾರೂ ಕೇಳದೇ ಇದ್ದಿದ್ದರೆ?

ನಮ್ಮ ಪಕ್ಕದಲ್ಲೂ ಅಂಥವರಿದ್ದಾರೆ. ತಿರುಮುರುಗನ್‌ಪೂಂಡಿಯಲ್ಲಿ ಬಸ್ಸಿನಿಂದ ಇಳಿದರೆ ಉಳಿಯ ಸದ್ದು ಕೇಳಿಸುತ್ತದೆ, ವಿಗ್ರಹ ಕೆತ್ತುತ್ತಾ ಇರುತ್ತಾರೆ. ಯಾವ ಉಳಿ ಎಂಥ ಗುರುತು ಬಿಡುತ್ತದೆ ಅಂತ ಅವರನ್ನು ಕೇಳಿ ಬರೆದುಕೊಂಡರೆ ಹಳೆಯ ದೇವಸ್ಥಾನದ ಕಂಬದ ಹಿಂಬದಿಯನ್ನು ನೀವೂ ಓದಬಹುದು.

ಸಾಕ್ಷಿ 4: ಬೋಕಿಯ ಮೇಲಿನ ಗೀರು

ನೀವು ಬೋಕಿ ಬಿಲ್ಲೆ ಆಡಿರಬಹುದು. ಮಡಕೆ ಚೂರಿಗೇ ಬೋಕಿ ಅಂತೀವಿ. ಕೊಡುಮಣಲ್‌ನಲ್ಲಿ ಗುರುತು ಗೀರಿದ ಬೋಕಿಗಳು, ತಮಿಳು ಬ್ರಾಹ್ಮಿ ಅಕ್ಷರಗಳಿರುವ ಬೋಕಿಗಳು ನೂರಾರು ಸಿಕ್ಕಿವೆ. ಈ ಗೀರು ಎಳೆದವರು ಯಾರು? ಮಡಕೆ ಮಾಡಿದ ಕುಂಬಾರರೋ, ಕೊಂಡು ಮನೆಗೆ ಒಯ್ದವರೋ?

ಗೀರಿನ ಅಂಚನ್ನು ನೋಡಿ. ಹಸಿ ಮಣ್ಣಿನಲ್ಲಿ ಗೀರಿದರೆ ಮಣ್ಣು ಎರಡೂ ಪಕ್ಕಕ್ಕೆ ಸರಿದು ಸಣ್ಣ ಬದುವಿನ ಹಾಗೆ ಏಳುತ್ತದೆ, ಗೆರೆ ನುಣುಪಾಗಿ ಹರಿಯುತ್ತದೆ. ಸುಟ್ಟ ಮೇಲೆ ಗೀರಿದರೆ ಮಣ್ಣು ಸರಿಯಲು ಆಗುವುದಿಲ್ಲ. ಅಂಚು ಪುಟಾಣಿ ಚಕ್ಕೆಗಳಾಗಿ ಒಡೆಯುತ್ತದೆ, ಒಂದೇ ಗೆರೆಗೆ ನಾಲ್ಕಾರು ಸಲ ಎಳೆಯಬೇಕಾಗುತ್ತದೆ, ಮೇಲಿನ ಹೊಳಪು ಹರಿದು ಒಳಗಿನ ಬೇರೆ ಬಣ್ಣ ಕಾಣುತ್ತದೆ. ಹಸಿಯಲ್ಲಿ ಗೀರಿದ್ದರೆ ಅದು ಕುಂಬಾರರ ಕೈ. ಆವಿಗೆಯಿಂದ ಬಂದ ಮೇಲೆ ಗೀರಿದ್ದರೆ ಬಹುಪಾಲು ಮಡಕೆಯ ಯಜಮಾನರ ಕೈ. ಅಂಚಿನ ಒಂದು ಚಕ್ಕೆಯಿಂದ ಎಷ್ಟು ದೊಡ್ಡ ವಿಷಯ ಹೊರಟಿತು ನೋಡಿ: ಸುಟ್ಟ ಮೇಲೆ ಗೀರಿದ ಹೆಸರು ಇದ್ದರೆ, ಓದುಬರಹ ಸಾಮಾನ್ಯ ಮನೆಗಳಿಗೂ ಬಂದಿತ್ತು ಅಂತ ವಾದಿಸಲು ಒಂದು ಸಾಕ್ಷಿ ಸಿಕ್ಕಿತು.

ಅಲ್ಲಿ ಸಿಕ್ಕ ಹೆಸರುಗಳಲ್ಲಿ ಕಣ್ಣನ್ ಆತನ್ ಎಂಬಂಥ ತಮಿಳು ಹೆಸರೂ ಇದೆ, ವಿಸಾಕಿ ಎಂಬಂಥ ಪ್ರಾಕೃತದ ಕಡೆಯ ಹೆಸರೂ ಇದೆ. ಬೇರೆ ಬೇರೆ ಮಾತಿನ ಜನ ಅದೇ ಹೊಳೆ ದಡದಲ್ಲಿ ಒಟ್ಟಿಗೆ ಬದುಕಿದ್ದರು ಅಂತ ಆಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಮಾತಾಡುವ ನಿಮಗೆ ಇದೇನು ಹೊಸದಲ್ಲ, ಅಲ್ವಾ?

ಲೋಹದ ಬೊಂಬೆಯಾದರೆ?

ಕೊಡುಮಣಲ್‌ನ ಒಂದು ಸಮಾಧಿಯಲ್ಲಿ ಮೈಗೆ ಬಣ್ಣದ ಕಲ್ಲು ಕೂರಿಸಿದ ಕಂಚಿನ ಪುಟ್ಟ ಹುಲಿಯೂ ಸಿಕ್ಕಿದೆ. ಇಂಥ ಲೋಹದ ಬೊಂಬೆಯನ್ನು ಓದುವುದಕ್ಕೆ ಬೇರೆ ಪ್ರಶ್ನೆಗಳಿವೆ. ಬಡಿದು ಮಾಡಿದ್ದೋ, ಎರಕ ಹೊಯ್ದದ್ದೋ? ಎಕ್ಸ್‌ರೇ ತೆಗೆದರೆ ಎರಕದಲ್ಲಿ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಚುಕ್ಕೆಗಳಾಗಿ ಕಾಣುತ್ತವೆ. ಎರಡು ಹೋಳಿನ ಅಚ್ಚಿನಲ್ಲಿ ಹೊಯ್ದಿದ್ದರೆ ಹೋಳುಗಳು ಕೂಡಿದ ಕಡೆ ಒಂದು ಗೆರೆ ಉಳಿಯಬಹುದು. ಮೇಣದಲ್ಲಿ ಬೊಂಬೆ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ದಿದ್ದರೆ ಆ ಗೆರೆ ಇರುವುದಿಲ್ಲ. ಕಲ್ಲು ಕೂರಿಸಿದ ಗುಳಿಯ ಒಳಗೆ ಉಳಿಯ ಗುರುತು ಇದ್ದರೆ ಗುಳಿಯನ್ನು ಆಮೇಲೆ ಕೆತ್ತಿದ್ದು, ನುಣುಪಾಗಿದ್ದರೆ ಎರಕದಲ್ಲೇ ಬಂದಿರಬಹುದು. ಇಲ್ಲೂ ಅಷ್ಟೆ, ಮುಖಕ್ಕಿಂತ ಮೂಲೆ ಮುಖ್ಯ.

ಬಂಡೆಯ ಮೇಲಿನ ಗೂಳಿ

ಮಣಿ, ಬೋಕಿ, ಬೊಂಬೆಗಳನ್ನು ಪ್ರಯೋಗಾಲಯಕ್ಕೆ ಒಯ್ಯಬಹುದು. ಎತ್ತಲಾಗದ ಬಂಡೆಯ ಮೇಲೆ ಚಿತ್ರ ಇದ್ದರೆ? ಇದಕ್ಕೆ ಕರ್ನಾಟಕದ ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳು ಒಳ್ಳೆಯ ಉದಾಹರಣೆ. ಅಲ್ಲಿ ನವಶಿಲಾಯುಗದ ದನಗಾಹಿ ರೈತರು ವಾಸವಾಗಿದ್ದರು. ಕಪ್ಪು ಡಾಲರೈಟ್ ಬಂಡೆಗಳ ಮೇಲೆ ನೂರಾರು ಚಿತ್ರಗಳಿವೆ, ಹೆಚ್ಚಿನವು ಹಿಣಿಲಿರುವ ಉದ್ದ ಕೊಂಬಿನ ದನಗಳು.

ಇವು ಬಣ್ಣದ ಚಿತ್ರಗಳಲ್ಲ, ಕೊರೆದವೂ ಅಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮಾಡಿದವು. ಬಿಸಿಲು ಮಳೆಗೆ ಬಂಡೆಯ ಮೇಲ್ಮೈ ಕಪ್ಪಾಗಿರುತ್ತದೆ, ಕುಟ್ಟಿದ ಕಡೆ ಆ ಪದರ ಹೋಗಿ ಒಳಗಿನ ತಿಳಿಬಣ್ಣ ಕಾಣುತ್ತದೆ. ಕಾಲ ಕಳೆದಂತೆ ಆ ಜಾಗವೂ ಮತ್ತೆ ಕಪ್ಪಾಗುತ್ತದೆ. ಆದ್ದರಿಂದ ಒಂದೇ ಬಂಡೆಯಲ್ಲಿ ಒಂದೇ ಥರ ಬಿಸಿಲು ಬೀಳುವ ಎರಡು ಚಿತ್ರಗಳಿದ್ದರೆ ಹೆಚ್ಚು ಕಪ್ಪಾದದ್ದು ಹೆಚ್ಚು ಹಳೆಯದು. ಒಂದರ ಮೇಲೆ ಒಂದು ಚಿತ್ರ ಇದ್ದರೆ ಕೆಳಗಿನದು ಮೊದಲಿನದು. ಈ ಕುಟ್ಟಿದ ಗುರುತಿನಲ್ಲಿ ಇಂಗಾಲ ಇಲ್ಲ, ಹಾಗಾಗಿ ಇದ್ದಿಲಿನ ಕಾಲ ಹೇಳುವ ಇಂಗಾಲ 14ರ ವಿಧಾನ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಬಣ್ಣದ ಈ ಹೋಲಿಕೆ, ಪಕ್ಕದ ವಾಸದ ಜಾಗದಲ್ಲಿ ಸಿಕ್ಕ ಇದ್ದಿಲು, ಎರಡನ್ನೂ ಸೇರಿಸಿ ಯೋಚಿಸಬೇಕು.

ಈ ಚಿತ್ರಗಳ ವಿಷಯ 19ನೇ ಶತಮಾನದ ಕೊನೆಯಲ್ಲೇ ಪ್ರಕಟವಾಗಿತ್ತು. ಸುಮಾರು 20 ವರ್ಷಗಳ ಹಿಂದೆ ನಿಕೋಲ್ ಬೊವಾನ್, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರು ಮತ್ತೆ ಅಲ್ಲಿ ಕೆಲಸ ಮಾಡಿದಾಗ ಹೊಸ ಪ್ರಶ್ನೆ ಕೇಳಿದರು: ಮಾಡುವಾಗ ಆ ಮನುಷ್ಯ ಎಲ್ಲಿ ನಿಂತಿದ್ದ? ಕೆಲವು ಚಿತ್ರಗಳು ಕಾಲಿಡಲು ಜಾಗವೇ ಇಲ್ಲದ ಕಡೆ ಇವೆ. ಜೋತುಬಿದ್ದೋ, ಇನ್ನೊಬ್ಬರು ಹಿಡಿದುಕೊಂಡೋ ಮಾಡಿರಬೇಕು. ಇನ್ನು ಕೆಲವು ಬಂಡೆಗಳಲ್ಲಿ ಸವೆದ ಗುಳಿಗಳಿವೆ. ಅಲ್ಲಿ ಕಲ್ಲಿನಿಂದ ಹೊಡೆದರೆ ಗಂಟೆಯ ಹಾಗೆ ನಾದ ಬರುತ್ತದೆ! ಅಂದರೆ ಕಣ್ಣಿಗೆ ಕಾಣುವ ಚಿತ್ರದ ಜೊತೆಗೆ ಕುಟ್ಟುವ ಕೆಲಸ, ಅದರ ಸದ್ದು ಕೂಡ ಆ ಜನಕ್ಕೆ ಮುಖ್ಯವಾಗಿತ್ತೇನೋ. ಚಿತ್ರವನ್ನು ಮಾತ್ರ ಫೋಟೊ ತೆಗೆದುಕೊಂಡು ಬಂದಿದ್ದರೆ ಇದು ಹೊಳೆಯುತ್ತಲೇ ಇರಲಿಲ್ಲ. ಅಂಥ ಬೆಟ್ಟಕ್ಕೂ ಕಲ್ಲುಗಣಿಯ ಕಾಟ ತಪ್ಪಿಲ್ಲ.

ಮಾಡಿ ನೋಡಿ

ಪ್ರಯೋಗ 1. ಜೇಡಿಮಣ್ಣಿನಿಂದ ಅಂಗೈಯಗಲದ ಮೂರು ಬಿಲ್ಲೆ ಮಾಡಿ. ಮೊದಲನೆಯದರ ಮೇಲೆ ಹಸಿಯಾಗಿರುವಾಗಲೇ ಮೊಳೆಯಿಂದ ನಿಮ್ಮ ಹೆಸರಿನ ಮೊದಲ ಅಕ್ಷರ ಗೀರಿ. ಎರಡನೆಯದರ ಮೇಲೆ ಅರ್ಧ ಒಣಗಿದಾಗ, ಮೂರನೆಯದರ ಮೇಲೆ ಪೂರ್ತಿ ಒಣಗಿದ ಮೇಲೆ ಗೀರಿ. ನಾಲ್ಕನೆಯದಾಗಿ ಒಡೆದ ಹೆಂಚಿನ ಚೂರಿನ ಮೇಲೆ ಅದೇ ಅಕ್ಷರ ಗೀರಿ. ನಾಲ್ಕರ ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿ ಚಿತ್ರ ಬರೆಯಿರಿ. ಆಮೇಲೆ ಗೆಳೆಯರಿಗೆ ಕೊಟ್ಟು, ಯಾವುದು ಯಾವಾಗ ಗೀರಿದ್ದು ಅಂತ ಹೇಳಲು ಕೇಳಿ.

ಪ್ರಯೋಗ 2. ಎರಡು ಸೀಮೆಸುಣ್ಣದ ತುಂಡು ತೆಗೆದುಕೊಳ್ಳಿ. ಒಂದಕ್ಕೆ ಅಡ್ಡಲಾಗಿ ಒಂದೇ ಕಡೆಯಿಂದ ಚೂಪು ಬಿದಿರುಕಡ್ಡಿ ತಿರುಗಿಸಿ ತೂತು ಹಾಕಿ. ಇನ್ನೊಂದಕ್ಕೆ ಎರಡು ಕಡೆಯಿಂದ ಹಾಕಿ ನಡುವೆ ಕೂಡಿಸಿ. ಹೊರಬಂದ ಕಡೆಯ ಅಂಚು ಎರಡರಲ್ಲೂ ಹೇಗಿದೆ? ತೂತಿಗೆ ನಾದಿದ ಮೈದಾಹಿಟ್ಟನ್ನು ತುಂಬಿ, ಒಣಗಿದ ಮೇಲೆ ಸುಣ್ಣವನ್ನು ಮೆಲ್ಲಗೆ ಒಡೆದು ತೆಗೆದರೆ ತೂತಿನ ಅಚ್ಚು ಸಿಗುತ್ತದೆ. ನಡುವಿನ ಮೆಟ್ಟಿಲು ಕಾಣುತ್ತಾ ನೋಡಿ. ಹಳೆಯ ಮಣಿಯ ಮೇಲೆ ಮಾತ್ರ ಯಾವ ಪ್ರಯೋಗವೂ ಬೇಡ.

ಕೊನೆಗೆ ಆ ಮಣಿ

ಈಗ ನಾನು ಕಳೆದದ್ದು ಏನು ಅಂತ ನಿಮಗೇ ಗೊತ್ತಾಗಿರುತ್ತದೆ. ತೂತಿನೊಳಗಿನ ಮಣ್ಣಿನಲ್ಲಿ ಅದು ಹೂತಿದ್ದ ಪದರದ ಮಣ್ಣು ಇತ್ತು, ಕೊರೆದ ಪುಡಿಯ ಕಣವೋ ದಾರದ ಎಳೆಯೋ ಇರಬಹುದಿತ್ತು. ಅದೆಲ್ಲ ನಲ್ಲಿ ನೀರಿನ ಜೊತೆ ಚರಂಡಿಗೆ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ಜಾಗದ್ದು. ಮುಂದಿನ ಶನಿವಾರ ನಾನು, ಆ ಹುಡುಗಿ, ಅವಳ ಅಜ್ಜಿ ಹೊಲಕ್ಕೆ ಹೋದೆವು. "ತಾಳೆಮರಕ್ಕೂ ಬಾವಿಗೂ ನಡುವೆ ಎಲ್ಲೋ ಸಿಕ್ತಮ್ಮ, ಕಲ್ಲು ಅಂತ ಬಿಸಾಕೋಕೆ ಹೋಗಿದ್ದೆ" ಅಂದರು ಅಜ್ಜಿ. ಆ "ಎಲ್ಲೋ" ಅನ್ನುವುದರಲ್ಲೇ ಅರ್ಧ ಪಾಠ ಕಳೆದುಹೋಗಿತ್ತು. ಪಕ್ಕದಲ್ಲಿ ಚಕ್ಕೆ ಇತ್ತಾ, ಬೋಕಿ ಇತ್ತಾ, ಬರೀ ಮಣಿಯಾ? ಈಗ ಹೇಳುವ ಹಾಗಿಲ್ಲ. ನಾವು ಗೊತ್ತಿದ್ದಷ್ಟನ್ನು ನಕ್ಷೆ ಬರೆದು, ಮಣಿಯ ಜೊತೆ ಗ್ರಾಮ ಆಡಳಿತ ಅಧಿಕಾರಿಗೆ ಒಪ್ಪಿಸಿದೆವು. ಮಣಿಯನ್ನು ತೊಳೆದವಳು ನಾನೇ ಅಂತಲೂ ಅದರಲ್ಲಿ ಬರೆದೆ. ಮುಂದೆ ಓದುವವರಿಗೆ ಅದೂ ಬೇಕಾದ ಮಾಹಿತಿ.

ನಮ್ಮ ಕಡೆ ಮಳೆ ಬಂದ ಮೇಲೆ ಹೊಲದಲ್ಲಿ ಮಣಿ ಆರಿಸುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಮಾರಿದ ಮಣಿ ಚಂದದ ಕಲ್ಲಾಗಿ ಉಳಿಯುತ್ತದೆ, ಆದರೆ ಅದರ ಕಥೆ ಮುಗಿಯುತ್ತದೆ. ನಿಮಗೆ ಏನಾದರೂ ಸಿಕ್ಕರೆ ಸಾಧ್ಯವಾದರೆ ಇದ್ದಲ್ಲೇ ಬಿಡಿ, ಅಗೆಯಬೇಡಿ. ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೊ ತೆಗೆಯಿರಿ. ಎರಡು ಗುರುತಿನ ಜಾಗಗಳಿಂದ ಎಷ್ಟು ಹೆಜ್ಜೆ ಅಂತ ಬರೆದುಕೊಳ್ಳಿ. ತೊಳೆಯಬೇಡಿ. ಶಿಕ್ಷಕರಿಗೆ ಹೇಳಿ. ನೆಲದಲ್ಲಿ ಸಿಕ್ಕ ಬೆಲೆಬಾಳುವ ಹಳೆಯ ವಸ್ತುವನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆಯೇ ಇದೆ. ಆದರೆ ನೀವು ಕಾಯ್ದೆಗೆ ಹೆದರಿ ಮಾಡಬೇಕಾದದ್ದಲ್ಲ ಇದು. ಎರಡು ಸಾವಿರ ವರ್ಷ ಕಾದಿರುವ ಆ ಕುಶಲಕರ್ಮಿಯ ಮಾತನ್ನು ನಾವು ಅರ್ಧಕ್ಕೇ ತಡೆಯಬಾರದು, ಅದಕ್ಕೆ.

ಯೋಚಿಸಿ ಉತ್ತರಿಸಿ

1. ಒಂದು ಊರಿನಲ್ಲಿ ಪೂರ್ತಿಯಾದ ಬೆರಿಲ್ ಮಣಿಗಳು ಮಾತ್ರ ಸಿಕ್ಕವು, ಚಕ್ಕೆ ಒಂದೂ ಇಲ್ಲ. ಇದರಿಂದ ಏನು ಊಹಿಸಬಹುದು?

2. ನಾನು ಉಕ್ಕಿನ ಸೂಜಿಯಿಂದ ಕಾರ್ನೀಲಿಯನ್ ಮಣಿಯ ತೂತು ಕೆದಕಿದೆ. ಸೂಜಿ ತೂತಿನ ಗೋಡೆಯ ಮೇಲೆ ಗೀರು ಮಾಡಿರಬಹುದೇ? ಗೋಡೆಯ ಮೇಲೆ ಸೂಜಿ ಬೇರೆ ಏನಾದರೂ ಬಿಟ್ಟಿರಬಹುದೇ? ಮೋಸ್ ಮಾಪನ ಬಳಸಿ ಕಾರಣ ಕೊಡಿ.

3. ಒಂದು ಬೋಕಿಯ ಮೇಲೆ ಎರಡು ಗುರುತುಗಳಿವೆ. ಒಂದರ ಅಂಚಿನಲ್ಲಿ ಬದು ಎದ್ದಿದೆ, ಇನ್ನೊಂದರ ಅಂಚು ಚಕ್ಕೆಯಾಗಿದೆ. ಯಾವುದು ಮೊದಲು? ಎರಡನ್ನೂ ಒಬ್ಬರೇ ಮಾಡಿರಬೇಕೆ?

4. ನಿಮ್ಮ ಮನೆಯಲ್ಲಿ ಅಥವಾ ಬೀದಿಯಲ್ಲಿ ಕೈಕೆಲಸ ಮಾಡುವ ಒಬ್ಬ ಹಿರಿಯರ ಪಕ್ಕ ಒಂದು ಗಂಟೆ ಕೂತು ಕೆಲಸದ ಹಂತಗಳನ್ನು ಬರೆದುಕೊಳ್ಳಿ. ಪ್ರತಿ ಹಂತದಲ್ಲೂ ನೆಲಕ್ಕೆ ಬೀಳುವ ಕಸ ಯಾವುದು? ಎರಡು ಸಾವಿರ ವರ್ಷದ ನಂತರ ಅದರಲ್ಲಿ ಯಾವುದು ಉಳಿದಿರುತ್ತದೆ?